ಹಡಗಿನ ಸೈನಿಕನ ಕವಚಕ್ಕೆ ನಾನು ಹಾಕಿದ ಗಂಟು

...ಅಷ್ಟು ಗಟ್ಟಿ ಎಳೀಬೇಡ ಕಣೇ, ಹೂವಿನ ಕತ್ತು ಮುರಿಯುತ್ತೆ. ನಂಗೂ ಆ ಚಟ ಇತ್ತು. ನಾನು ಕಟ್ಟಿದ ಮಾಲೆ ಬಿಚ್ಚೋಕೆ ಕತ್ತರೀನೇ ಬೇಕು ಅಂತ ಮೈಸೂರಲ್ಲಿ ನಮ್ಮತ್ತೆ ಎಲ್ಲರ ಹತ್ರ ಹೇಳ್ಕೊಂಡು ಬರೋರು, ನಂಗೋ ಹೆಮ್ಮೆ. ಆ ಹೆಮ್ಮೆ ಹೊತ್ಕೊಂಡೇ ಇಂಗ್ಲೆಂಡಿನ ಈ ಹಡರ್ಸ್‌ಫೀಲ್ಡಿಗೆ ಬಂದೆ ನೋಡು. ನಿಮ್ಮ ತಾತಂಗೆ ಆಸ್ಪತ್ರೇಲಿ ಹಗಲೂ ರಾತ್ರಿ ಪಾಳಿ, ನಂಗೆ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ, ಗೋಡೆ ಜೊತೆ ಮಾತಾಡಿ ಮಾತಾಡಿ ಹುಚ್ಚು ಹಿಡಿಯೋ ಹಾಗಾಗಿತ್ತು. ಆಗ ಸಿಕ್ಕಿದ್ದು ಮೊದಲನೇ ಕೆಲಸ, ಹಳೇ ಗಿರಣಿಯೊಳಗೆ ಮಾರ್ಗರೆಟ್ ಅನ್ನೋವಳ ವರ್ಕ್‌ಶಾಪು. ಹಳೇಕಾಲದ ಯುದ್ಧ ಆಡಿ ತೋರಿಸ್ತಾರಲ್ಲ, ಆ ಪ್ರದರ್ಶನಕ್ಕೆ ಉಡುಪು ಮಾಡ್ತಿದ್ಲು. ಆ ವರ್ಷ ಬೈಜಾಂಟಿಯಮ್ಮಿಂದು. ಅದೇ, ಈಗಿನ ಇಸ್ತಾಂಬುಲ್ ರಾಜಧಾನಿ ಆಗಿತ್ತಲ್ಲ, ಆ ರಾಜ್ಯ. ಸಾವಿರ ವರ್ಷದ ಹಿಂದೆ ಹಡಗಿನ ಮೂತಿಗೆ ಹಿತ್ತಾಳೆ ಕೊಳವೆ ಇಟ್ಟು ಬೆಂಕಿ ಉಗುಳಿಸ್ತಿದ್ರಂತೆ, ನೀರ ಮೇಲೂ ಆರದ ಬೆಂಕಿ. ಸೈನಿಕರ ಕವಚ ಅಂದ್ರೆ ಬೆರಳುದ್ದದ ತಗಡು, ಸಾಲುಸಾಲಾಗಿ ತೊಗಲಿನ ದಾರದಲ್ಲಿ ಹೆಣೆದಿದ್ದು. ನಂಗೆ ಅದು ಹೂ ಕಟ್ಟಿದ ಹಾಗೇ. "ಎಲ್ಲಾ ಗಟ್ಟಿ ಕಟ್ಟು, ಪಕ್ಕದ್ದು ಮಾತ್ರ ಜಾರುಗಂಟು. ನೀರಿಗೆ ಬಿದ್ರೆ ಒಂದೇ ಎಳೆತಕ್ಕೆ ಕಳಚಬೇಕು" ಅಂದಿದ್ಲು. ಹೇಳಿದ್ಲು ಕಣೇ, ಹೇಳ್ಲಿಲ್ಲ ಅನ್ನಲ್ಲ. ಜಾರುಗಂಟು ನಂಗೆ ಸೋಮಾರಿಗಳ ಕೆಲಸದ ಹಾಗೆ ಕಾಣ್ತು. ಒಂದು ಕವಚಕ್ಕೆ, ಅಲ್ಲ, ಎರಡಕ್ಕೆ, ಇನ್ನೊಂದು ಪ್ರದರ್ಶನದ ದಿನ ಯಾರೂ ತೊಡಲಿಲ್ಲ, ಪಕ್ಕದಲ್ಲೂ ನಮ್ಮ ಹೂವಿನ ಗಂಟೇ ಬಿಗಿದುಬಿಟ್ಟೆ.

ಪ್ರದರ್ಶನ ಊರಾಚೆ ಕೆರೇಲಿ, ಮಟಮಟ ಮಧ್ಯಾಹ್ನ. ನಕಲಿ ಹಡಗಿನ ಕೊಳವೆಯಿಂದ ಕಿತ್ತಳೆ ಬಣ್ಣದ ಹೊಗೆ ಬಂತು, ಜನ ಹೋ ಅಂದ್ರು, ಡೇನಿಯಲ್ ಅಂತ ಒಬ್ಬ ಬಸ್ ಡ್ರೈವರ್, ರಜಾದಿನ ಸೈನಿಕ ಆಗೋನು, ನಾನು ಬಿಗಿದ ಕವಚ ತೊಟ್ಟೋನೇ, ಹಡಗಿಂದ ಕಾಲುಜಾರಿ ನೀರಿಗೆ ಬಿದ್ದ. ಅದೂ ಆಟ ಅಂದ್ಕೊಂಡು ಚಪ್ಪಾಳೆ ತಟ್ಟಿದ್ರು. ನಾನು ದಡದ ಹಲಗೆ ಮೇಲಿದ್ದೆ. ಕಂದು ನೀರು, ಆದ್ರೂ ಅವನ ಕೈ ಕಾಣ್ತಿತ್ತು. ಬೆರಳು ಪಕ್ಕದಲ್ಲಿ ದಾರದ ತುದಿ ಹುಡುಕ್ತಿತ್ತು, ಸಮಾಧಾನವಾಗಿ, ಇದ್ದೇ ಇರುತ್ತೆ ಅನ್ನೋ ಹಾಗೆ. ಆಮೇಲೆ ಪರಚೋಕೆ ಶುರು ಮಾಡ್ತು. ಮಾರ್ಗರೆಟ್ ಚಾಕು ಹಿಡ್ಕೊಂಡು ಧುಮುಕಿ ದಾರ ಕೊಯ್ದಳು. ಬದುಕಿದ. ನೀರು ಕಕ್ಕಿ, ನಡುಗ್ತಾ, ನನ್ನ ಕಡೆ ನೋಡಿ "ಗಟ್ಟಿ ಗಂಟು, ಲವ್" ಅಂತ ನಕ್ಕ, ಈ ಊರೋರು ಎಲ್ಲರನ್ನೂ ಲವ್ ಅಂತಲೇ ಕರೆಯೋದು. ಬೈದಿದ್ರೆ ಮರೀತಿದ್ದೆನೋ ಏನೋ. ಈಗ್ಲೂ ಸಿಂಕಲ್ಲಿ ಪಾತ್ರೆ ತೊಳೀವಾಗ ನೀರಡಿ ಆ ಬೆರಳು ಹುಡುಕ್ತಾ ಇರುತ್ತೆ.

"ಡಿಡ್ ಯು ಟೆಲ್ ಹರ್, ಅಜ್ಜಿ?" ಅಂತೀಯಲ್ಲ, ಜಾರುಗಂಟು ಬೇಡ ಅಂತ ನಾನೇ ಬಿಗಿದಿದ್ದು ಅಂತ ಹೇಳ್ದೆ. ಮಾರ್ಗರೆಟ್ ಬೈಲಿಲ್ಲ. ಆ ಇನ್ನೊಂದು ಕವಚ ತಂದು ಮುಂದಿಟ್ಟು, "ಬಿಚ್ಚು" ಅಂದ್ಲು. ಉಗುರು ಕಿತ್ತು ಬಂತು ಕಣೇ, ಗಂಟು ಬರಲಿಲ್ಲ. ತಾ ಇಲ್ಲಿ ಆ ಮಾಲೆ. ಕಟ್ಟೋವಾಗ ಬಿಚ್ಚೋರ ಕೈನೂ ಒಂದ್ಸಲ ನೆನೆಸ್ಕೋ.