ತೂತಿದ್ದ ತೊಟ್ಟಿ

ಬಿರ್ಜೈ ಪಟ್ಟಣದ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ಇಬ್ಬರಿಗೂ ಐವತ್ತು ದಾಟಿತ್ತು. ತಮ್ಮನ ಮುಖ ಕೆಂಡವಾಗಿತ್ತು.

"ಅಪ್ಪ ಬಿಯರ್ ಮಾಡ್ತಿದ್ದ ಓಕ್ ಮರದ ತೊಟ್ಟೀಲಿ ಹೂವಿನ ಗಿಡ ನೆಟ್ಟಿದೀಯಲ್ಲ ಅಕ್ಕ, ಮನಸ್ಸಾದ್ರೂ ಹೇಗೆ ಬಂತು?"

"ತಳದಲ್ಲಿ ತೂತಿತ್ತು. ಕುಂಡಕ್ಕೆ ಬೇಕಾಗಿದ್ದೂ ಅದೇ ತಾನೆ?"

"ಆ ತೂತು ಬಾರ್ಲಿ ರಸ ಇಳಿಯೋಕೆ. ತಳಕ್ಕೆ ಹುಲ್ಲು ಹಾಸಿ, ತೂತಿಗೆ ಸಿಕ್ಕಿಸಿದ ಕೋಲು ಎತ್ತಿದ್ರೆ ರಸ ಸೋಸಿ ಬರುತ್ತೆ. ನಾನೇ ಬಿಯರ್ ಮಾಡೋಕೆ ಶುರು ಮಾಡಿದ್ಮೇಲೆ ಇಂಥದ್ದೊಂದು ತೊಟ್ಟಿಗೆ ಮೂರು ವರ್ಷ ಊರೂರು ಅಲೆದೆ. ಕೊನೆಗೆ ಹಾಲಿನ ಕ್ಯಾನಿಗೆ ನಲ್ಲಿ ಕೂರಿಸ್ಕೊಂಡೆ. ಅದೂ ಸೋರುತ್ತೆ."

"ನನ್ನನ್ನ ಕೇಳ್ಬೇಕಿತ್ತು."

"ನಿನ್ನ ಮನೇಲಿದೆ ಅಂತ ನಂಗೇನು ಕನಸು ಬೀಳುತ್ತಾ?"

ಅವಳು ಪೂರ್ತಿ ಅವನತ್ತ ತಿರುಗಿದಳು.

"ಅಪ್ಪನ್ನ ಮಣ್ಣು ಮಾಡಿದ ಮಾರನೇ ದಿನ, ಇದನ್ನ ಒಡೆದು ಒಲೆಗೆ ಹಾಕು ಅಂದವನು ಯಾರೋ, ಪೊವಿಲಾಸ್? ಸ್ವಲ್ಪ ಕೈ ಜೋಡಿಸು ಬಾರೋ ಅಂತ ಅಪ್ಪ ಕರೆದಾಗೆಲ್ಲ, ಬಿಯರ್ ಅಂಗಡೀಲೇ ಸಿಗುತ್ತಲ್ಲ ಅಂತಿದ್ದವನು ಯಾರು?"

ಅವನು ರಸ್ತೆ ನೋಡಿದ. ಬಸ್ ಬಂತು. ಅವಳು ಚೀಲ ಎತ್ತಿಕೊಂಡಳು.

"ತೊಟ್ಟಿ ಬೇಕಾದ್ರೆ ಮಣ್ಣು ಸುರಿದು ತಗೊಂಡು ಹೋಗು. ಕೋಲು ಮಾತ್ರ ಕೊಡಲ್ಲ. ನೀನು ಬಾರದ ಅಷ್ಟೂ ವರ್ಷ ಅಪ್ಪನ ಜೊತೆ ನಿಂತು ಅದನ್ನ ಎತ್ತಿದವಳು ನಾನು."