ಎಲ್ ಅಂತ ಬರೆದಿದ್ದ ಟೀ ಶರ್ಟ್

ತಳ್ಳಬೇಡ ಅಣ್ಣಾ, ಬರಲ್ಲ. ನೆಲ ಒರೆಸೋ ಕೋಲನ್ನ ಬಾಗಿಲ ಹಿಡಿಕೆಗೆ ಅಡ್ಡ ತೂರಿಸಿದ್ದೀನಿ. ಪಾಪ, ಈ ಅಂಗಡೀಲಿ ಆ ಕೋಲಿಗೆ ಇವತ್ತೇ ಮೊದಲ ಕೆಲಸ!

ಕೂಗ್ತೀಯಾ? ಕೂಗು, ಕೂಗು. ಹಾಡನ್ನ ಅಷ್ಟು ಜೋರಾಗಿ ಇಟ್ಟೋನು ನೀನೇ ತಾನೇ? ಗಿರಾಕಿಗಳು ‘ಇದರಲ್ಲಿ ದೊಡ್ಡ ಸೈಜ್ ಇದೆಯಾ’ ಅಂತ ಗಂಟಲು ಹರ್ಕೊಂಡ್ರೂ ನಿಂಗೆ ಕೇಳಿಸಲ್ಲ. ‘ಟ್ರಯಲ್ ರೂಮಲ್ಲಿ ಯಾರೋ ಬಟ್ಟೆ ಕದೀತಿದಾರೆ’ ಅಂತ ನಾನು ಪಿಸುಗುಟ್ಟಿದ್ದು ಮಾತ್ರ ಕೇಳಿಸಿಬಿಡ್ತು! ಏನು ಓಟ, ಏನು ಓಟ!

ಫೋನಾ? ಕೌಂಟರ್ ಮೇಲೇ ಬಿಟ್ಟು ಓಡಿಬಂದ್ಯಲ್ಲ... ಮ್ಯಾನೇಜರ್ ಊಟಕ್ಕೆ ಹೋಗಿದಾನೆ. ನೋಡ್ಕೊಂಡೇ ಬಂದಿದ್ದೀನಿ. ಆರಾಮಾಗಿ ಕೂತ್ಕೋ, ಕಾಲಡಿ ಬಟ್ಟೆ ಗುಡ್ಡೆ ಇದೆಯಲ್ಲ, ಅದರ ಮೇಲೆ. ಮೊದಲು ಹೀಗಿತ್ತಾ ಈ ಅಂಗಡಿ? ಮಡಿಚಿಟ್ಟ ಬಟ್ಟೆ, ‘ಬನ್ನಿ, ಏನು ತೋರಿಸಲಿ’ ಅನ್ನೋರು... ಈಗ ಅರ್ಧ ರೇಟು ಅಂತ ಬೋರ್ಡ್ ಹಾಕಿದ್ರಿ, ಜೊತೆಗೆ ಮರ್ಯಾದೇನೂ ಅರ್ಧ ಮಾಡಿದ್ರಿ. ಅರ್ಧ ಎಲ್ಲಿ ಬಂತು, ಪೂರ್ತಿ!

ಏಕವಚನ ಬೇಡವಾ? ಆಹಾ! ಆ ಹೆಂಗಸಿಗೆ ‘ಸರಿಯಮ್ಮ ಪಕ್ಕಕ್ಕೆ’ ಅಂದ್ಯಲ್ಲ, ಆವಾಗ ನಿನ್ನ ಬಹುವಚನ ಎಲ್ಲಿ ಹೋಗಿತ್ತು?

ಯಾವ ಹೆಂಗಸಾ? ನನ್ನ ಫ್ರೆಂಡ್ ಅಮ್ಮ. ಹೋದ ವಾರ ಬಂದಿದ್ರು, ಮಗನಿಗೆ ಶಾಲೆ ಟೂರಿಗೆ ಟೀ ಶರ್ಟ್ ಕೊಡಿಸೋಕೆ. ಅವನಿಗೆ ನೀನು ಸಾರಿ ಕೇಳಬೇಕು. ಕೇಳಿದ್ರೆ ಕೋಲು ತೆಗೀತೀನಿ. ಅಷ್ಟೇ.

ಚೀಟೀಲಿ ಎಲ್ ಅಂತ ಇತ್ತು ಅಣ್ಣಾ. ಬಟ್ಟೆ ನೋಡಿದ್ರೆ ಮಗು ಅಳತೆ! ಯಾವ ಹ್ಯಾಂಗರಿಗೆ ಯಾವ ಬಟ್ಟೆ ಅಂತ ನಿಮಗೇ ಗೊತ್ತಿಲ್ಲ. ಅವನು ತಲೆ ತೂರಿಸಿದ, ಅಲ್ಲೇ ಸಿಕ್ಕಿಹಾಕ್ಕೊಂಡ. ಎರಡೂ ಕೈ ಮೇಲೆ, ಮುಖ ಬಟ್ಟೆಯೊಳಗೆ. ಬಾಗಿಲಿಗೆ ಚಿಲಕ ಬೇರೆ ಇಲ್ಲ! ಅದಕ್ಕೇ ಅವರಮ್ಮ ಹೊರಗೆ ಬಾಗಿಲು ಹಿಡ್ಕೊಂಡು ನಿಂತಿದ್ರು. ನೀನು ಬಂದೆ, ಅವರನ್ನ ಸರಿಸಿದೆ, ಬಾಗಿಲು ಎಳೆದೆ. ಎಳೆದು ಅಂಗಡಿಗೆಲ್ಲ ಕೇಳೋ ಹಾಗೆ ಕೂಗಿದೆ, ‘ಬನ್ರೋ, ಹೊಸ ಸ್ಟಾಕ್ ಬಂದಿದೆ, ಮೂಟೆ ಬಿಚ್ಚೋಣ!’

ನಗ್ತಿದೀಯಾ? ನೆನಪಾಯ್ತು ಅನ್ನು! ನಗು, ಜೋಕು ಚೆನ್ನಾಗೇ ಇತ್ತು. ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ. ಅವನೂ ನಕ್ಕ, ಒಳಗಿಂದ. ಕ್ಲಾಸಿಗೆಲ್ಲ ಜೋಕರ್ ಅವನು, ನಗದೆ ಏನ್ಮಾಡ್ತಾನೆ... ಕೈ ಮೇಲೆತ್ಕೊಂಡೇ ಒಂದು ಸುತ್ತು ಕುಣಿದ ಕೂಡ.

ಏನಂದೆ? ಗಟ್ಟಿಯಾಗಿ. ಹಲ್ಲು ಕಚ್ಕೊಂಡು ಅಂದ್ರೆ ಲೆಕ್ಕಕ್ಕಿಲ್ಲ. ಇನ್ನೊಂದ್ಸಲ... ಹಾಂ. ಹಾಗೆ ಬಾ ದಾರಿಗೆ. ಸಾರಿ ಸಿಕ್ತು. ತೆಗೀತೀನಿ ಇರು.

ಇರು ಅಂದ್ನಲ್ಲ! ಇನ್ನೊಂದಿದೆ.

ಅಣ್ಣಾ... ಎಲ್ಲರೂ ನಗ್ತಿದ್ರಲ್ಲ. ಬಟ್ಟೆಯೊಳಗಿಂದ ಒಂದೊಂದು ನಗೂ ಬೇರೆ ಬೇರೆಯಾಗಿ ಕೇಳಿಸುತ್ತೆ, ಗೊತ್ತಾ. ಒಂದು ತೀರಾ ಹತ್ತಿರದಲ್ಲಿತ್ತು. ಬಾಗಿಲ ಪಕ್ಕದಲ್ಲೇ. ಶುರುವಾಯ್ತು, ತಕ್ಷಣ ಸೆರಗು ಅಡ್ಡ ಇಟ್ಕೊಂಡ ಹಾಗೆ ನಿಂತುಹೋಯ್ತು. ಆ ನಗು ನಂಗೆ ಗೊತ್ತು. ಮನೇಲಿ ಅದನ್ನ ಬರಿಸೋನೇ ನಾನು.

ಹೌದು. ಫ್ರೆಂಡೂ ಇಲ್ಲ, ಗಿಂಡೂ ಇಲ್ಲ.

ದಾರಿಯುದ್ದಕ್ಕೂ ಅಮ್ಮ ನಿನಗೆ ಹಿಡಿಶಾಪ ಹಾಕಿದ್ಲು. ನಾನೂ ಹಾಕಿದೆ. ಅವಳನ್ನ ಹೇಗೆ ಕೇಳಲಿ? ನನ್ನ ಮುಖ ಒಳಗಿತ್ತು ಅಣ್ಣಾ. ಅವಳ ಎದುರಿಗೆ ನಿಂತಿದ್ದೋನು ನೀನು. ನೀನೊಬ್ಬನೇ ನೋಡಿರೋದು.

ತಗೋ, ಕೋಲು ತೆಗೆದೆ. ಬಾಗಿಲೂ ತೆಗೆದೆ. ಬೇಕಾದ್ರೆ ಎರಡು ಬಾರಿಸು, ಓಡಲ್ಲ. ಮೊದಲು ಇದೊಂದು ಹೇಳು. ಅಮ್ಮ ನಗಲಿಲ್ಲ, ಅಲ್ವಾ?

...ಅಣ್ಣಾ?

ಇಷ್ಟೊತ್ತು ಬಾಯಿ ಬಡ್ಕೊಂಡ್ಯಲ್ಲ, ಈಗ ಯಾಕೆ ನೆಲ ನೋಡ್ತಿದೀಯಾ?