ನಿನ್ನೋನೇ ಕೆಟ್ಟೋನು

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಜಪಮಾಲೆ ಹಿಡಿದು ಕಾಯುತ್ತಿದ್ದೆ. ಪಕ್ಕದಲ್ಲಿ ವಿಯೆಟ್ನಾಮಿನಲ್ಲಿ ಕಾಲು ಕಳೆದುಕೊಂಡ ಆರ್ಲೊ ಮತ್ತು ಇರಾಕಿನಲ್ಲಿ ಮಗನನ್ನು ಕಳೆದುಕೊಂಡ ವೆಂಡೆಲ್ ಜಗಳಕ್ಕೆ ಬಿದ್ದಿದ್ದರು.

"ನಮ್ಮನ್ನ ವಿಯೆಟ್ನಾಮಿಗೆ ಕಳಿಸಿದ ಜಾನ್ಸನ್‌ನಷ್ಟು ಕೆಟ್ಟ ಅಧ್ಯಕ್ಷ ಹುಟ್ಟೇ ಇಲ್ಲ ಕಣೋ," ಎಂದ ಆರ್ಲೊ.

"ಹೋಗೋ ಕುಂಟ! ನನ್ನ ಮಗನನ್ನ ಇರಾಕಿಗೆ ಕಳಿಸಿದ ಬುಷ್ ಮುಂದೆ ಅವನು ದೇವರು."

"ನನ್ನನ್ನ ಬಲವಂತವಾಗಿ ಎಳ್ಕೊಂಡು ಹೋದ್ರು. ನಿನ್ನ ಮಗ ತಾನಾಗೇ ಸೈನ್ಯ ಸೇರ್ದ."

ವೆಂಡೆಲ್ ಅವನ ಕುತ್ತಿಗೆ ಹಿಸುಕಿದ. ಆರ್ಲೊ ಊರುಗೋಲಿನಿಂದ ಹಣೆಗೆ ಬಾರಿಸಿದ. ರಕ್ತ ಸುರಿಯಿತು. ವೆಂಡೆಲ್ ಕುಸಿದು ಕೂತು ಅರಚಿದ:

"ಮಗನನ್ನ ಮಣ್ಣು ಮಾಡೋವಾಗ ಅಧ್ಯಕ್ಷರ ಪರವಾಗಿ ಅಂತ ಮಡಿಸಿದ ಬಾವುಟ ಕೊಟ್ರು. ನಾನು ಥ್ಯಾಂಕ್ಸ್ ಅಂದೆ ಕಣೋ, ಥ್ಯಾಂಕ್ಸ್!"

ಆರ್ಲೊ ತನ್ನ ಕರವಸ್ತ್ರವನ್ನು ಅವನ ಹಣೆಗೆ ಒತ್ತಿಹಿಡಿದ.

"ಏಳೋ, ಹೊಲಿಗೆ ಹಾಕಿಸೋಣ. ಆಯ್ತು, ನಿನ್ನೋನೇ ಕೆಟ್ಟೋನು."

ಒಬ್ಬರನ್ನೊಬ್ಬರು ಹಿಡಿದುಕೊಂಡು ಒಳಗೆ ಹೋದರು.